ಚಪ್ಪಲಿ ಹಿತ್ತಲಲ್ಲಿ ಬಿಡಿ

ಆಧಾರ್ ಕಾರ್ಡಿನ ಪ್ರಕಾರ ಅವಳು ಹುಟ್ಟಿದ್ದು ಜನವರಿ ಒಂದಕ್ಕೆ.
ನನ್ನ ಅಂಚೆ ಕೌಂಟರಿಗೆ ಬರುವ ಅರ್ಧ ಕೋಡಿಬಾಗ
ಅದೇ ದಿನ ಹುಟ್ಟಿದೆ.
ಶೇವಂತಿಗೆ ಅದು ಒಪ್ಪಿಗೆಯಿಲ್ಲ.
ಅವಳ ಆಯಿ ಹೇಳಿದ್ದು ಬೇರೆ:
ಮಾರ್ನಮಿ ಕಳೆದ ವಾರ, ಬಂಗಡೆ ಬಿದ್ದ ಬಿರುಸಿಗೆ
ಕೊಳ್ಳುವವರಿಲ್ಲದೆ ತೆಂಗಿನ ಬುಡಕ್ಕೆ ಸುರಿದರಂತೆ,
ಊರೆಲ್ಲ ನಾತ, ಆ ನಾತದಲ್ಲಿ ಇವಳ ಮೊದಲ ಉಸಿರು.
"ಅದಕ್ಕೇ ನನಗೆ ವಾಸನೆ ತಿಳಿಯದು," ಎನ್ನುತ್ತಾಳೆ
ನಮ್ಮ ಅಂಚೆಯ ಗೋಂದಿಗೆ ಮೂಗು ಮುಚ್ಚಿಕೊಂಡು.

ಅವಳಿಗೂ ನನಗೂ ಮೂವತ್ತಮೂರು ವರ್ಷದ ಅಂತರ.
ಗೆಳತಿ ಎಂದರೆ ಜನ ನಗುತ್ತಾರೆ.
ಕೊಂಕಣಿಯಲ್ಲಿ 'ತೂಂ' ಎಂದರೆ ಮುಗಿಯಿತು,
ಬಹುವಚನದ ಕಟ್ಟೆ ಹತ್ತಬೇಕಿಲ್ಲ.
ನನ್ನವನು ಬಿಟ್ಟುಹೋದ ವರ್ಷ
ದಿನಾ ಹನ್ನೊಂದಕ್ಕೆ ಬಂದು
ಪಾಸ್‌ಬುಕ್ಕಿಗೆ ಹತ್ತು ರೂಪಾಯಿ ಹಾಕುತ್ತಿದ್ದಳು.
ತಿಂಗಳ ಕೊನೆಗೆ ಒಮ್ಮೆಗೇ ಮುನ್ನೂರು ಹಾಕಬಹುದೆಂದು
ಅವಳಿಗೆ ಗೊತ್ತಿತ್ತೆಂದು
ನನಗೆ ಗೊತ್ತಾದದ್ದು ಬಹಳ ಆಮೇಲೆ.

ಹಾಗಾಗಿ ಈ ಸಲ, ದಸರೆ ಕಳೆದ ಭಾನುವಾರ,
ನಮ್ಮ ಮನೆಯಲ್ಲಿ, ಅವಳಿಗೆ ಹೇಳದೆ.
ಕೇಕು ತಂದವನು ಇನಾಸ್. ಮೇಲೆ ಸಕ್ಕರೆಯ ಬಂಗಡೆ ಬರೆಸಿದ್ದ,
ಅದು ತಾರ್ಲೆಯಾಗಿತ್ತು, ಯಾರೂ ಬಾಯಿ ಬಿಡಲಿಲ್ಲ.
ಮೆಹರುನ್ನಿಸಾ ಅಂಗಡಿಯ ಚೂರುಬಟ್ಟೆಗಳ ತೋರಣ ಕಟ್ಟಿದಳು.
ಮೀನುಪೇಟೆಯ ಏಳು ಹೆಂಗಸರು ಅಬ್ಬಲಿಗೆ ಮುಡಿದು
ಗೋಡೆಗೊತ್ತಿ ಕೂತರು, ನಗು ಹೊರಬೀಳದಂತೆ ಸೆರಗು ಕಚ್ಚಿ.
ಶೇವಂತಿಗೆ ಹೇಳಿದ ಸುಳ್ಳು ಒಂದೇ:
ಪಿಂಚಣಿ ಫಾರ್ಮಿಗೆ ಹೆಬ್ಬೆಟ್ಟು ಬೇಕು, ಏಳೂವರೆಗೆ ಬಾ.
ಉಳಿದವರಿಗೆ ನನ್ನ ಅಪ್ಪಣೆ: ಚಪ್ಪಲಿ ಹಿತ್ತಲಲ್ಲಿ ಬಿಡಿ,
ಮುಂಬಾಗಿಲಲ್ಲಿ ಒಂದೂ ಕಾಣಕೂಡದು.

ಏಳು ಇಪ್ಪತ್ತಕ್ಕೆ ದೀಪ ಆರಿಸಿದೆವು.
ಹೆದ್ದಾರಿಯ ಲಾರಿ. ಕಾಳಿಯ ಕಡೆಯಿಂದ ಕೆಸರಿನ ಗಾಳಿ.
ಯಾರದೋ ಹೊಟ್ಟೆ ಗುಡುಗಿತು.
ಏಳೂವರೆ ಆಯಿತು. ಏಳು ನಲವತ್ತು.
ನನ್ನ ಕಣ್ಣು ಮುಂಬಾಗಿಲಿನಡಿಯ ಬೀದಿದೀಪದ ಗೆರೆಯ ಮೇಲೆ.

ಕತ್ತಲಲ್ಲಿ ಒಂದು ಕೈ ಬಂದು ನನ್ನ ಕೈ ಹಿಡಿಯಿತು.
ಒರಟು ಕೈ, ಉಪ್ಪು ಕುಡಿದ ಕೈ,
ಮೆಲ್ಲಗೆ ಅದುಮಿತು, ಬಿಡಲಿಲ್ಲ.
ಪೇಟೆಯವರಲ್ಲಿ ಯಾರಿಗೋ ಕಾತರ ಎಂದುಕೊಂಡೆ.
ಆಮೇಲೆ ಪಕ್ಕದಲ್ಲೇ ಮೂಗೆಳೆಯುವ ಸದ್ದು,
ಕಿವಿಗೆ ಬಿಸಿ ಪಿಸುಮಾತು:
"ಕೋಣ್ ಗೆಲೋ ಗೋ?"
ಯಾರೇ ಹೋದದ್ದು?

ದೀಪ ಹಾಕಿದ್ದು ಯಾರೋ ತಿಳಿಯದು.
ನಮ್ಮ ನಡುವೆಯೇ ಕೂತಿದ್ದಳು,
ತಲೆತುಂಬ ಸೆರಗು, ಒದ್ದೆ ಕಣ್ಣು,
ಮಡಿಲಲ್ಲಿ ಪಿಂಚಣಿ ಪುಸ್ತಕ.

ಐವತ್ತು ವರ್ಷ ಮೀನಬುಟ್ಟಿ ಹೊತ್ತವಳು
ಯಾರ ಮನೆಗೂ ಮುಂಬಾಗಿಲಿಂದ ಬಂದವಳಲ್ಲ.
ಇದನ್ನು ಮರೆತವಳು ನಾನು. ನಾನೇ.
ಹಿತ್ತಲಿಂದ ಬಂದಳು, ಬಾವಿಕಟ್ಟೆಯ ಬಳಿ ಕಂಡಳು
ಹದಿಮೂರು ಜೊತೆ ಚಪ್ಪಲಿ. ಒಳಗೆ ದೀಪವಿಲ್ಲ, ಮಾತಿಲ್ಲ,
ಧಾರಾವಾಹಿಯ ಹೊತ್ತಿಗೆ ಟೀವಿಯಿಲ್ಲ.
ಇನ್ನೇನೆಂದುಕೊಂಡಾಳು?
ಸತ್ತವರ ಹೆಸರೂ ಕೇಳದೆ
ಅಳಲು ಕೂತುಬಿಟ್ಟಿದ್ದಳು.

ಯಾರೂ ಹೋಗಿಲ್ಲ, ನೀನು ಹುಟ್ಟಿದ್ದೀ, ಎಂದೆ.
ಕೇಕು ನೋಡಿದಳು, ತೋರಣ ನೋಡಿದಳು, ನಮ್ಮ ಮೋರೆಗಳನ್ನು,
ತನ್ನ ಮಾಸಿದ ಸೀರೆಯ ಅಂಚನ್ನು.
"ನನ್ನದೇ ಅಂತ ಗೊತ್ತಿದ್ದರೆ
ಒಳ್ಳೆ ಸೀರೆ ಉಡುತ್ತಿದ್ದೆ."

ಮೊದಲು ನಕ್ಕವನು ಇನಾಸ್.
ಆಮೇಲೆ ಮನೆಯ ಹೆಂಚೂ ನಕ್ಕಿರಬೇಕು.
"ಇಷ್ಟು ಹೊತ್ತು ಅತ್ತದ್ದನ್ನು ಯಾರ ಖಾತೆಗೆ ಹಾಕುತ್ತೀ?"
ನನ್ನದಕ್ಕೆ, ಎಂದೆ.
ಕೇಕಿನ ಮೀನನ್ನು ಬೆರಳಲ್ಲಿ ಹೊರಳಿಸಿ,
"ತಾರ್ಲೆಗೆ ಬಂಗಡೆಯ ದುಡ್ಡು ಕೊಟ್ಟಿರಾ?"

ಹೊರಡುವಾಗ ಒಂಬತ್ತೂವರೆ.
ಮುಂಬಾಗಿಲ ಎರಡೂ ಕದ ತೆಗೆದು ನಿಂತೆ.
ಚಪ್ಪಲಿ ಹಿಂದಿದೆಯಲ್ಲೇ, ಎಂದಳು.
ಎಲ್ಲರವೂ ಹಿಂದಿದ್ದವು.
ಟಾರ್ಚು ಹಿಡಿದು ಅವಳು ಮುಂದೆ,
ಅಡುಗೆಮನೆ ದಾಟಿ, ಬಾವಿ ದಾಟಿ,
ತಂತಮ್ಮ ಜೊತೆ ಹುಡುಕುತ್ತ ಬಗ್ಗಿದವರಿಗೆಲ್ಲ ಬೆಳಕು ಬಿಟ್ಟು,
ಕೊನೆಯ ಒಂಟಿ ಚಪ್ಪಲಿ ಸಿಗುವತನಕ ನಿಂತಳು.
ನಾನು ಬರಿಗಾಲಲ್ಲೇ ದಣಪೆಯವರೆಗೆ ಹೋದೆ.